ದಬದಬೆಯ ಮೂರು ಎಳೆ

ನಮ್ಮೂರಿನ ಗೈಡುಗಳು ಕೆಲಸಕ್ಕೆ ಇಳಿಯುವ ಮುಂಚೆ ತಲೆಯ ಮೇಲೆ ಎರಡು ಚೊಂಬು ನೀರು ಸುರಿದುಕೊಳ್ಳುತ್ತಾರೆ. ಟಿಕೆಟ್ ಕೌಂಟರಿನ ಹಿಂದೆ ಇದಕ್ಕೆಂದೇ ಒಂದು ಸಿಮೆಂಟ್ ತೊಟ್ಟಿ ಇದೆ, ಬೋರ್‌ವೆಲ್ ನೀರು. ಜಲಪಾತದ ಎದುರು ನಿಂತ ಪ್ರವಾಸಿಗಳು ತೊಯ್ದು ತೊಪ್ಪೆಯಾಗಿ ನಡುಗುತ್ತಿರುವಾಗ ಪಕ್ಕದಲ್ಲಿ ನಿಂತ ಗೈಡಿನ ಅಂಗಿ ಇಸ್ತ್ರಿಯ ಗೆರೆ ಸಮೇತ ಒಣಗಿಕೊಂಡಿದ್ದರೆ ಯಾರಿಗಾದರೂ ಅನುಮಾನ ಬರುತ್ತದೆ. ಚಳಿಗಾಲದ ಬೆಳಗ್ಗೆ ಈ ಸ್ನಾನ ಜೀವ ಹಿಂಡುತ್ತದೆ. ಹೊಟ್ಟೆಪಾಡು ಅಂದ ಮೇಲೆ ನೆಗಡಿಗೆ ಹೆದರಿದರೆ ಆಗುತ್ತದೆಯೇ?

ನಮ್ಮೂರಿನ ಜಲಪಾತ ನಮ್ಮೂರಿನವರಿಗೆ ಕಾಣುವುದಿಲ್ಲ. ಅದರ ಸದ್ದು ಕೇಳುವುದಿಲ್ಲ, ಹನಿ ತಾಗುವುದಿಲ್ಲ. ನಮ್ಮ ಕಣ್ಣಿಗೆ ಅಲ್ಲಿರುವುದು ಎತ್ತರದ ಒಂದು ಬೋಳು ಬಂಡೆ, ಅದರ ಬುಡದಲ್ಲಿ ಒಣಕಲ್ಲಿನ ಹಳ್ಳ. ಪರವೂರಿನವರಿಗೆ ಮಾತ್ರ ಅಲ್ಲಿ ನೀರು ಬೀಳುತ್ತದೆ, ಅದೂ ಬಸ್ಸಿನಿಂದ ಇಳಿಯುತ್ತಿದ್ದಂತೆ ಕೈ ಬಾಯಿಗೆ ಹೋಗುವಷ್ಟು. ಅದರ ಹೆಸರು ದಬದಬೆ. ಹೆಸರಿಟ್ಟವರೂ ಪರವೂರಿನವರೇ ಇರಬೇಕು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಮಗೆ ಹಿತ್ತಲ ಗಿಡವೇ ಕಾಣುವುದಿಲ್ಲ, ಇನ್ನು ಮದ್ದಿನ ಮಾತೆಲ್ಲಿ ಬಂತು.

ಹಾಗಂತ ನಾವು ಕೈಕಟ್ಟಿ ಕೂತಿಲ್ಲ. ಊರಿಗೆ ಊರೇ ದಬದಬೆಯಿಂದ ಉಣ್ಣುತ್ತದೆ. ನಮ್ಮ ತಾತಂದಿರು ಪ್ರವಾಸಿಗಳ ಮುಖ ನೋಡಿ ನೋಡಿಯೇ ಜಲಪಾತವನ್ನು ಕಲಿತರು. ಅವರ ಕತ್ತು ಎಷ್ಟು ಮೇಲೆ ಹೋಗುತ್ತದೋ ಅಲ್ಲಿ ನೀರಿನ ತುದಿ. ಎಲ್ಲಿ ಕೊಡೆ ಬಿಚ್ಚುತ್ತಾರೋ ಅಲ್ಲಿಂದ ತುಂತುರು. ಎಲ್ಲಿ ಚಪ್ಪಲಿ ಕಳಚಿ ಪ್ಯಾಂಟು ಮಡಚುತ್ತಾರೋ ಅಲ್ಲಿ ಹಳ್ಳದ ಅಂಚು. ಆ ಕಲ್ಲಿಗೆ ನಾವು ಕೆಂಪು ಬಣ್ಣ ಬಳಿದಿದ್ದೇವೆ, ಅಲ್ಲಿಗೆ ಬಂದಾಗ ಗೈಡು ಮರೆಯದೆ ತನ್ನ ಪಂಚೆ ಎತ್ತಬೇಕು. ಮಾತು ಕಿರುಚಿ ಆಡಬೇಕು. ಗುಬ್ಬಿ ಕೆಮ್ಮಿದರೂ ಕೇಳುವಂಥ ಆ ನಿಶ್ಶಬ್ದದಲ್ಲಿ ಗಂಡ ಹೆಂಡಿರು ಒಬ್ಬರ ಕಿವಿಗೊಬ್ಬರು ಬಾಯಿಟ್ಟು ಕಿರುಚುವುದನ್ನು ನಾವು ಕೇಳಿಸಿಕೊಳ್ಳುತ್ತೇವೆ. ಯಾರಿಗೂ ಕೇಳಿಸುವುದಿಲ್ಲವೆಂದು ಅವರು ಆಡುವ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ನಮ್ಮ ಗೈಡುಗಳ ಸಂಘಕ್ಕೆ ಒಂದೇ ಒಂದು ಗಟ್ಟಿ ನಿಯಮ: ನಮಗೆ ಕಾಣುವುದಿಲ್ಲ ಅನ್ನುವುದು ಬಂದವರಿಗೆ ಗೊತ್ತಾಗಬಾರದು. ಹಾಗಾಗಿ 'ಇವತ್ತು ನೀರು ಹೇಗಿದೆ ಸ್ವಾಮಿ' ಎಂದು ಅವರನ್ನು ಕೇಳುವಂತಿಲ್ಲ. ಕೇಳಿದರೆ ವ್ಯಾಪಾರ ಮುಳುಗಿತು.

ಒಮ್ಮೆ ಮುಳುಗುವುದರಲ್ಲಿತ್ತು, ನನ್ನ ಅವ್ವನಿಂದಲೇ. ಅವ್ವನ ಹೆಸರು ಹಾಲಮ್ಮ. ಹಳ್ಳದ ಕಲ್ಲುಗಳು ಬಿಸಿಲಿಗೆ ಚೆನ್ನಾಗಿ ಕಾಯುತ್ತವೆಂದು ಅವಳು ಅಲ್ಲಿ ಹಪ್ಪಳ ಒಣಗಿಸುತ್ತಿದ್ದಳು. ಹೊತ್ತಿಗೆ ಮುಂಚೆಯೇ ಬಂದ ಒಂದು ಬಸ್ಸಿನವರು ಅದನ್ನು ನೋಡಿಬಿಟ್ಟರು. ಮುದುಕಿಯೊಬ್ಬಳು ಸೊಂಟದ ತನಕ ನೀರಿನಲ್ಲಿ ನಿಂತು ಒಂದೊಂದೇ ಹಪ್ಪಳವನ್ನು ಹೊಳೆಗೆ ಬಿಡುತ್ತಿದ್ದಾಳೆ, ಅವು ತೇಲಿಕೊಂಡು ಹೋಗುತ್ತಿವೆ. ಅವರಿಗೆ ಕಂಡದ್ದು ಹಾಗಂತೆ. ಫೋಟೋ ಹಿಡಿದರು, ಕೈಮುಗಿದರು, ಇದೇನು ಆಚಾರ ಅಂತ ಕೇಳಿದರು. ಸಂಘದ ಅಧ್ಯಕ್ಷ ಓಂಕಾರಪ್ಪ ಓಡಿ ಬಂದು, ಇದು ಗಂಗವ್ವನಿಗೆ ಹಪ್ಪಳ ಬಿಡುವ ಸೇವೆ, ಮುತ್ತಜ್ಜಂದಿರ ಕಾಲದಿಂದ ನಡೆದು ಬಂದಿದೆ ಅಂದರು. ಅಂದಿನಿಂದ ಪ್ರತಿ ಶನಿವಾರ, ಭಾನುವಾರ ಹಪ್ಪಳ ಸೇವೆ ಇದೆ, ಅದಕ್ಕೆ ಬೇರೆ ಟಿಕೆಟ್. ಪ್ರವಾಸಿಗಳ ಹಪ್ಪಳ ತೇಲಿಹೋಗುತ್ತದೆ, ಅವರು ಧನ್ಯರಾಗುತ್ತಾರೆ. ಸಂಜೆ ಅವ್ವ ಆ ಹಪ್ಪಳಗಳನ್ನೆಲ್ಲ ಕಲ್ಲಿನ ಮೇಲಿಂದ ಆರಿಸಿ ಡಬ್ಬಿಗೆ ತುಂಬುತ್ತಾಳೆ. ಗರಿಗರಿ ಒಣಗಿರುತ್ತವೆ.

ಈಗ ನನ್ನ ಮನೆಯ ವಿಷಯಕ್ಕೆ ಬರುತ್ತೇನೆ. ನನ್ನ ಹೆಸರು ಮರುಳಸಿದ್ಧ. ನನ್ನ ಹೆಂಡತಿ ಸರ್ವಮಂಗಳೆ ಪರವೂರಿನವಳು. ನಮ್ಮೂರಿನ ಗೈಡುಗಳು ಪರವೂರಿನಿಂದಲೇ ಹೆಣ್ಣು ತರುವುದು ವಾಡಿಕೆ, ಏಕೆಂದರೆ ಹೊಸ ಸೊಸೆಗೆ ದಬದಬೆ ಕಾಣುತ್ತದೆ. ಅವಳು ದಿನಾ ನೋಡಿ ಬಂದು ಹೇಳಿದರೆ ಗಂಡ ತಾತನ ಕಾಲದ ಹಳೆಯ ಪಾಠ ಒಪ್ಪಿಸುವುದು ತಪ್ಪುತ್ತದೆ. ಇದು ಬಹಳ ದಿನ ನಡೆಯುವುದಿಲ್ಲ. ಆರು ತಿಂಗಳೋ ಒಂದು ವರ್ಷವೋ, ಸೊಸೆ ಈ ಊರಿನವಳಾಗುತ್ತಾ ಬಂದ ಹಾಗೆ ನೀರು ತೆಳ್ಳಗಾಗುತ್ತಾ ಬಂದು ಒಂದು ದಿನ ಬರೀ ಬಂಡೆ ಕಾಣುತ್ತದೆ. ಆ ದಿನ ಅವಳು ತಾನಾಗಿ ಹೋಗಿ ಅತ್ತೆಗೆ ಹೇಳಬೇಕು. ಅತ್ತೆ ತಾನಾಗಿ ಕೇಳುವಂತಿಲ್ಲ. ಆಮೇಲೆ ಬಂಡೆ ಶಾಸ್ತ್ರ. ಅತ್ತೆ ಸೊಸೆಯನ್ನು ಬಂಡೆಯ ಬುಡಕ್ಕೆ ಕರೆದುಕೊಂಡು ಹೋಗಿ, ಕೈಯಿಂದ ಮುಟ್ಟಿಸಿ, ಕುಬಸದ ಕಣವೆಂಬ ರವಿಕೆ ಬಟ್ಟೆ ಇಟ್ಟು ಉಡಿ ತುಂಬಿ ಮನೆಗೆ ಕರೆತರುತ್ತಾಳೆ.

ಅಲ್ಲಿಯ ತನಕ ಸೊಸೆ ಮನೆಗೆ ಅತಿಥಿ. ಅತಿಥಿಗೆ ಏನೇನು ಮರ್ಯಾದೆಯೋ ಅಷ್ಟೂ ಸಲ್ಲುತ್ತದೆ. ಮೊದಲ ಪಂಕ್ತಿಯಲ್ಲಿ ಊಟ, ಅಂಚಿಗೆ ಹೂ ಕೆತ್ತಿದ ತಟ್ಟೆ, 'ನೀವು', 'ಬರ್ರಿ', 'ಕುಂದರ್ರಿ'. ಬೈಯುವಂತಿಲ್ಲ, ಮುಖ ಸಿಂಡರಿಸುವಂತಿಲ್ಲ, ಉಪ್ಪು ಜಾಸ್ತಿಯಾದರೂ ಚಪ್ಪರಿಸಿ ಉಣ್ಣಬೇಕು. ಕೇಳಲಿಕ್ಕೆ ಚೆನ್ನಾಗಿದೆ. ಒಂದು ವರ್ಷ ಹೀಗೆ ಬದುಕಿದ ಸೊಸೆಯಂದಿರು ಶಾಸ್ತ್ರ ಮುಗಿದ ದಿನ ಅತ್ತೆ ಮೊದಲ ಬಾರಿ 'ಲೇ' ಅಂದಾಗ ಗಳಗಳ ಅತ್ತದ್ದನ್ನು ನಾನು ಕಂಡಿದ್ದೇನೆ.

ಸರ್ವಮಂಗಳೆಗೆ ಆ ದಿನ ಬರಲೇ ಇಲ್ಲ. ಮದುವೆಯಾಗಿ ಹತ್ತು ವರ್ಷ ದಾಟಿದರೂ ಅವಳಿಗೆ ದಬದಬೆ ಕಾಣುತ್ತಲೇ ಇತ್ತು. ಇಂಥದ್ದು ಊರಿನಲ್ಲಿ ಹಿಂದೆಂದೂ ಆಗಿರಲಿಲ್ಲ. ಹೆಂಗಸರು ಬಾಯಿಗೆ ಸೆರಗಿಟ್ಟು ಮಾತಾಡಿಕೊಂಡರು: 'ಹಾಲಮ್ಮನ ಸೊಸಿಗೆ ಇನ್ನೂ ಕಾಣ್ತತಂತೆ. ಮನಸು ತವರಿನಾಗೇ ಇರ್ಬೇಕು.' ಅವ್ವ ಅಂಥವರಿಗೆ ಉತ್ತರ ಕೊಡುತ್ತಿರಲಿಲ್ಲ. ಮನೆಯಲ್ಲಿ ಮಾತ್ರ ಅದೇ ರಾಗ. "ಸರ್ವಮಂಗಳ ಅವ್ರೇ, ಇನ್ನೊಂದು ರೊಟ್ಟಿ ಹಾಕ್ಲೇನ್ರಿ? ಸಂಕೋಚ ಮಾಡ್ಕೋಬ್ಯಾಡ್ರಿ." ನಮ್ಮ ಮಗಳು ಶಾಂಭವಿಗೆ ಅವ್ವ ದಿನಾ ಬಾಯಿತುಂಬ ಬೈಯುತ್ತಿದ್ದಳು. ಕತ್ತೆ ಅನ್ನುತ್ತಿದ್ದಳು, ಕೋತಿ ಅನ್ನುತ್ತಿದ್ದಳು. ಹಾಗೆ ಬೈಯುವಾಗ ಸರ್ವಮಂಗಳೆ ಕೈಯ ಕೆಲಸ ನಿಲ್ಲಿಸಿ ಮಗಳನ್ನೇ ನೋಡುತ್ತಾ ನಿಲ್ಲುತ್ತಿದ್ದಳು. ಅದು ಹೊಟ್ಟೆಕಿಚ್ಚು ಅಂತ ನನಗೆ ಹೊಳೆದಿರಲಿಲ್ಲ.

ನನಗೆ ಹೊಳೆಯುತ್ತಿದ್ದದ್ದು ನನ್ನ ಹೆಸರು ಒಂದೇ. ಬೆಳಗ್ಗೆ ಅವಳು ಹೂವಿಗೆಂದು ಹಳ್ಳ ದಾಟಿ ಹೋಗಿ ಬರುವುದನ್ನೇ ನಾನು ಹೊಸಿಲಲ್ಲಿ ಕಾಯುತ್ತಿದ್ದೆ. "ಹೇಳು ಬೇಗ, ಹೆಂಗೈತಿ ಇವತ್ತು?" ಅವಳು ಹೂವಿನ ಬುಟ್ಟಿ ಇಳಿಸಿ ಹೇಳುತ್ತಿದ್ದಳು. ಮೂರು ಎಳೆ. ನಡುವಿನ ಎಳೆ ದಪ್ಪ, ಹೆಣೆದ ಜಡೆಯ ಹಾಗೆ ಗಟ್ಟಿ. ಬಲಗಡೆಯದು ಸದ್ದು ಜಾಸ್ತಿ, ನೀರು ಕಡಿಮೆ. ಎಡಗಡೆಯದು ತೆಳ್ಳಗೆ, ಸ್ವಲ್ಪ ದೂರವೇ ಬೀಳುತ್ತದೆ. ಬುಡದಲ್ಲಿ ಕಾಮನಬಿಲ್ಲು. ದಿನಕ್ಕೊಂದು ಬದಲಾವಣೆ ಇದ್ದೇ ಇರುತ್ತಿತ್ತು. ಮಿಕ್ಕ ಗೈಡುಗಳು 'ಹಾಲಿನ ನೊರೆಯಂತೆ' ಎಂಬ ಓಬೀರಾಯನ ಕಾಲದ ಮಾತನ್ನೇ ಉರು ಹೊಡೆಯುತ್ತಿದ್ದಾಗ ನಾನು ಪ್ರವಾಸಿಗಳ ಎದುರು ಕೈಯೆತ್ತಿ, "ಎಡಗಡೆ ಎಳೆ ನೋಡಿ ಸಾರ್, ನಿನ್ನೆಗಿಂತ ಇವತ್ತು ಒಂದು ಮೊಳ ಆಚೆ ಸರಿದಿದೆ" ಅನ್ನುತ್ತಿದ್ದೆ. ಅವರು "ಓ! ಹೌದಲ್ಲ!" ಅನ್ನುತ್ತಿದ್ದರು. ಮುಂಬಾಗಿಲ ಸರದಿ ಸದಾ ನನ್ನದೇ. ಮನೆಯಲ್ಲಿ ಕಾಣುವವರು ಇರುವ ಗೈಡಿಗೆ ಮುಂಬಾಗಿಲು, ಇಲ್ಲದವನಿಗೆ ರೇನ್‌ಕೋಟ್ ಬಾಡಿಗೆ ಅಂಗಡಿ ಎಂಬುದು ಸಂಘದ ತೀರ್ಮಾನ. ನಾನು ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದೆ.

ಹೀಗಿರುವಾಗ ಮೇಲಿನಿಂದ ತರಬೇತಿ ಬಂತು. ಪಂಚಾಯಿತಿ ಹಾಲಿಗೆ ಬ್ಯಾನರ್ ಕಟ್ಟಿದರು: 'ಜಾಗತಿಕ ಪ್ರವಾಸೋದ್ಯಮದ ಮೂಲತತ್ವಗಳು'. ಪಾಠ ಹೇಳಲು ಜಯತೀರ್ಥ ಎಂಬ ಸಾಹೇಬರು ಬಂದರು. ಟೋಪಿ, ತಂಪು ಕನ್ನಡಕ, ಹತ್ತಾರು ದೇಶ ಸುತ್ತಿದ ಚೀಲ. ಒಳ್ಳೆಯ ಮನುಷ್ಯ, ಆದರೆ ಮೈಕು ಕೈಗೆ ಸಿಕ್ಕರೆ ಬಿಡುತ್ತಿರಲಿಲ್ಲ.

"ನೋಡಿ, ಬೇರೆ ಎಲ್ಲ ವ್ಯಾಪಾರದಲ್ಲಿ ಸರಕು ಗಿರಾಕಿ ಹತ್ರ ಹೋಗುತ್ತೆ. ಇದೊಂದರಲ್ಲಿ ಗಿರಾಕಿಯೇ ಸರಕಿನ ಹತ್ರ ಬರಬೇಕು. ಅದಕ್ಕೇ ದಾರಿ ಬೇಕು, ರೂಮು ಬೇಕು, ಊಟ ಬೇಕು, ಎಲ್ಲಕ್ಕಿಂತ ಮುಖ್ಯ ನಗು ಬೇಕು. ನೆನಪಿಡಿ, ಇವತ್ತು ಖಾಲಿ ಉಳಿದ ರೂಮು ಹಳಸಿದ ಅನ್ನ ಇದ್ದ ಹಾಗೆ, ನಾಳೆ ಮಾರೋಕಾಗಲ್ಲ. ಜಗತ್ತಿನಲ್ಲಿ ಹತ್ತು ಜನರಲ್ಲಿ ಒಬ್ಬರು ಇದರಿಂದ ಬದುಕ್ತಾರೆ, ಗೊತ್ತಾ?"

"ನಮ್ಮೂರಾಗೆ ಹತ್ತರಾಗ ಹನ್ನೊಂದು ಜನ ಬದುಕ್ತಾರೆ ಸಾರ್," ಅಂದರು ಓಂಕಾರಪ್ಪ. ಅವರ ಮನೆಯ ಎಮ್ಮೆಯ ಕೊರಳಿಗೂ ಸಂಘದ ಬ್ಯಾಡ್ಜ್ ಇದೆ, ಫೋಟೋಕ್ಕೆ ನಿಲ್ಲುತ್ತದೆ.

ಸಾಹೇಬರು ಖುಷಿಯಾಗಿ ಮುಂದುವರಿದರು. "ಆದರೆ ಎಲ್ಲದರ ಬುನಾದಿ ಯಾವುದು? ಸ್ಥಳೀಯರ ಹೆಮ್ಮೆ! ನಿಮ್ಮದೇ ತಪ್ಪು ಹೇಳ್ತೀನಿ, ಬೇಜಾರಾಗಬೇಡಿ. ದಿನಾ ನೋಡಿ ನೋಡಿ ಈ ಜಲಪಾತ ನಿಮಗೆ ಮಾಮೂಲಿ ಆಗಿಬಿಟ್ಟಿದೆ. ನಾಳೆಯಿಂದ ಅದನ್ನ ಹೊಸ ಕಣ್ಣಿನಿಂದ ನೋಡಿ!"

ಇಡೀ ಹಾಲು ಕೆಮ್ಮಿತು. ಯಾರೋ ಚಹಾ ತರಿಸಿ ಮಾತು ಮರೆಸಿದರು.

ಮರುದಿನ ಪ್ರಾತ್ಯಕ್ಷಿಕೆ. ನಿಜವಾದ ಪ್ರವಾಸಿಗಳ ಮುಂದೆ ನಿಜವಾದ ಗೈಡು ಮಾತಾಡುವುದು, ಸಾಹೇಬರು ಪಕ್ಕದಲ್ಲಿ ನಿಂತು ನೋಡುವುದು. ಸಂಘ ನನ್ನನ್ನೇ ಮುಂದೆ ದೂಡಿತು. ಅಂದು ಬೆಳಗ್ಗೆ ಸರ್ವಮಂಗಳೆ ಹೇಳಿದ್ದನ್ನು ನಾನು ಒಂದಕ್ಷರ ಬಿಡದೆ ಹೇಳಿದೆ. ನಡುವಿನ ಎಳೆ ಇವತ್ತು ಸ್ವಲ್ಪ ಕುಂಟುತ್ತಿದೆ. ಬಲಗಡೆಯದಕ್ಕೆ ಹೊಸ ಅಬ್ಬರ ಬಂದಿದೆ, ಯಾರೋ ಹೊಗಳಿರಬೇಕು. ಎಡಗಡೆಯದು ಮುನಿಸಿಕೊಂಡು ದೂರ ನಿಂತಿದೆ. ಕಾಮನಬಿಲ್ಲು ಅರ್ಧ ಮಾತ್ರ. ಪ್ರವಾಸಿಗಳು ನನ್ನ ಬೆರಳು ತೋರಿದ ಕಡೆಯೆಲ್ಲ ಕತ್ತು ತಿರುಗಿಸಿ "ಓ" ಅಂದರು. ಒಬ್ಬ ಹೆಂಗಸು "ಪಾಪ, ಎಡಗಡೆ ಎಳೆ" ಎಂದು ಕಣ್ಣೊರೆಸಿಕೊಂಡಳು. ಜಯತೀರ್ಥ ಸಾಹೇಬರು ಮಾತ್ರ ಕನ್ನಡಕ ತೆಗೆದು ಬಂಡೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಬಂಡೆ ನೋಡಿದರು.

ಅದಾದ ಮೇಲೆ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ನನ್ನ ಕೈ ಹಿಡಿದು ಕುಲುಕಿದರು. "ಮರುಳಸಿದ್ಧ ಅವರೇ, ನಾನು ಇಷ್ಟು ವರ್ಷ ಪಾಠ ಮಾಡಿದ್ದು ವ್ಯರ್ಥ ಕಣ್ರೀ. ನೀವೇ ಪಾಠ. ಮೂರು ಎಳೆ! ಅಲ್ಲಿ ಇರೋದು ಒಂದೇ ಧಾರೆ. ದಪ್ಪಗೆ, ನೆಟ್ಟಗೆ, ಮೇಲಿಂದ ಕೆಳಗಿನ ತನಕ ಒಂದೇ. ಕಾಮನಬಿಲ್ಲು ಅಂತೂ ಇಲ್ಲವೇ ಇಲ್ಲ, ಈ ಹೊತ್ತಲ್ಲಿ ಆ ಮೂಲೆಗೆ ಬಿಸಿಲೇ ಬೀಳಲ್ಲ. ಆದ್ರೂ ಅಷ್ಟೂ ಜನ ಮೂರು ಎಳೆ ನೋಡಿಕೊಂಡು ಹೋದ್ರಲ್ಲ! ಇದೇ ನೋಡಿ ಮೂಲತತ್ವ. ಇರೋದನ್ನ ತೋರಿಸೋದು ವಾಚ್‌ಮನ್ ಕೆಲಸ, ಇಲ್ಲದ್ದನ್ನ ತೋರಿಸೋನು ಗೈಡು."

ನಾನು ಚಹಾದ ಲೋಟ ಕೆಳಗಿಟ್ಟೆ. ಸಾಹೇಬರು ಮಾತಾಡುತ್ತಲೇ ಇದ್ದರು. ಭಾನುವಾರ ದೊಡ್ಡ ಅಧಿಕಾರಿಗಳು, ಟ್ರಾವೆಲ್ ಕಂಪನಿಯವರು ಬರುತ್ತಾರೆ. ಅವರೆದುರು ಇದೇ ಮೂರು ಎಳೆ ಹೇಳಬೇಕು. ಬ್ರೋಷರ್ ಇವತ್ತೇ ಅಚ್ಚಿಗೆ ಹೋಗುತ್ತದೆ. ನನ್ನ ಫೋಟೋ ಹಾಕಿ 'ಮಾದರಿ ಮಾರ್ಗದರ್ಶಿ' ಅಂತ ಊರೂರಿಗೆ ಅಂಟಿಸುತ್ತಾರೆ. ನಾನು ಹೂಂ ಹೂಂ ಅಂದೆ. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಇವಳು ಇಷ್ಟು ವರ್ಷ ನನ್ನನ್ನು ಮಂಗ ಮಾಡಿದ್ದು ಯಾಕೆ?

ಮನೆಗೆ ಹೋದವನೇ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದವಳ ಮುಂದೆ ನಿಂತೆ. "ದಬದಬೆಗೆ ಎಷ್ಟು ಎಳೆ ಅದಾವೆ?"

"ಮೂರು," ಅಂದಳು, ತಲೆಯೆತ್ತದೆ.

"ಸಾಹೇಬ್ರು ಒಂದೇ ಅಂದ್ರು."

ಅವಳು ಹಿಂಡುತ್ತಿದ್ದ ನನ್ನ ಅಂಗಿಯನ್ನು ಕಲ್ಲಿನ ಮೇಲೆ ಇಟ್ಟಳು. ನಾನು ದನಿ ಏರಿಸಿದೆ. ಊರಿನ ಮುಂದೆ ನನ್ನ ಮಾನ ಹೋಗುತ್ತಿತ್ತು, ನಿನಗೆ ಏನು ಕಡಿಮೆ ಮಾಡಿದ್ದೇವೆ, ಹೂವಿನ ತಟ್ಟೆಯಲ್ಲಿ ಉಣ್ಣುತ್ತೀ ಎಂದೆಲ್ಲ ಕೂಗಾಡಿದೆ. ಎಲ್ಲ ಮುಗಿದ ಮೇಲೆ ಅವಳು ಹೇಳಿದಳು, "ನನಗ ಕಾಣಂಗಿಲ್ಲ ರೀ. ಭಾಳ ವರ್ಷ ಆತು."

ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ.

"ಅತ್ತಿ ಬಚ್ಚಲದಾಗ ಬಿದ್ದು ಸೊಂಟ ಮುರ್ಕೊಂಡಿದ್ರಲ್ಲ, ಶಾಂಭವಿ ಹುಟ್ಟೋಕ್ಕಿಂತ ಮುಂಚೆ. ಎತ್ತೋದು, ತೊಳೆಯೋದು, ಉಣ್ಸೋದು, ಅದರಾಗ ನನಗ ಯಾವ ನೀರಿನ ನೆನಪೂ ಇರ್ಲಿಲ್ಲ. ಆಗೆಲ್ಲ ನಿಮಗ ಹಿಂದ ನೋಡಿದ್ದನ್ನೇ ಹೇಳ್ತಿದ್ದೆ. ಅವ್ರು ಕೋಲು ಹಿಡ್ಕೊಂಡು ಎದ್ದು ನಿಂತ ದಿನ ಖುಷಿಗೆ ಹಳ್ಳದ ಕಡಿ ಹೋದೆ. ಬಂಡೆ ಕಾಣ್ತು. ಬರೇ ಬಂಡೆ. ನನಗ ಎಷ್ಟು ಸಂತೋಷ ಆತು ಅಂದ್ರ, ಚಪ್ಪಲಿ ಅಲ್ಲೇ ಬಿಟ್ಟು ಓಡಿ ಬಂದೆ, ಅತ್ತಿಗೆ ಹೇಳ್ಬೇಕು ಅಂತ."

"ಮತ್ತ ಯಾಕ ಹೇಳ್ಲಿಲ್ಲ?"

"ಹೊಸಿಲಾಗ ನೀವು ನಿಂತಿದ್ರಿ. 'ಹೇಳು ಬೇಗ, ಹೆಂಗೈತಿ ಇವತ್ತು' ಅಂದ್ರಿ. ನಿಮ್ಮ ಮುಖ ನೋಡಿದೆ. ಮೂರು ಎಳೆ ಅಂದುಬಿಟ್ಟೆ."

ಅವಳು ಅಂಗಿಯನ್ನು ಮತ್ತೆ ಕೈಗೆತ್ತಿಕೊಂಡು ಹೇಳಿದಳು, "ನಾ ಬಂದ ಹೊಸದರಾಗೂ ಒಂದೇ ಧಾರಿ ಇತ್ತು. ಆಗ ನಿಮಗ ಒಂದು ಅಂತ್ಲೇ ಹೇಳ್ತಿದ್ದೆ, ನೆನಪಿಲ್ಲೇನು? ಕಾಣದಂಗಾದ ಮ್ಯಾಲೆ ದಿನಾ ಏನು ಹೇಳ್ಬೇಕು ತಿಳೀಲಿಲ್ಲ. ಮನಿಯಾಗಿದ್ದದ್ದನ್ನೇ ಹೇಳಿದೆ. ನಡುವಿನ ಎಳೆ ಅತ್ತಿ. ಬಲಗಡೆ ನೀವು."

"ಸದ್ದು ಜಾಸ್ತಿ, ನೀರು ಕಡಿಮೆ," ಅಂದೆ.

"ಹೂಂ," ಅಂದಳು. "ಕಾಮನಬಿಲ್ಲು ಶಾಂಭವಿ. ಇವತ್ತು ಆಕಿಗೆ ಜ್ವರ, ಅದಕ್ಕ ಅರ್ಧ."

ಎಡಗಡೆ ಎಳೆ ಯಾರೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ವರ್ಷಗಟ್ಟಲೆ ದೇಶದ ಮೂಲೆ ಮೂಲೆಯಿಂದ ಬಂದವರಿಗೆಲ್ಲ ನಾನು ಗಂಟಲು ಹರಿಯುವಂತೆ ಕೂಗಿ ಹೇಳಿದ್ದೆ: ಎಡಗಡೆಯದು ತೆಳ್ಳಗಿದೆ ನೋಡಿ, ದೂರವೇ ಇದೆ ನೋಡಿ, ಉಳಿದೆರಡರ ಜೊತೆ ಒಮ್ಮೆಯೂ ಸೇರುವುದಿಲ್ಲ, ಇದೇ ಇದರ ವಿಶೇಷ. ಯಾರ ಯಾರ ಮುಖವನ್ನೋ ಓದಿ ಅನ್ನ ತಿನ್ನುವವನಿಗೆ ಮನೆಯ ಮುಖ ಓದಲು ಬಂದಿರಲಿಲ್ಲ.

ಆದರೂ ನನ್ನೊಳಗಿನ ಗೈಡು ಅಷ್ಟು ಸುಲಭಕ್ಕೆ ಸಾಯುವವನಲ್ಲ. ಭಾನುವಾರ ಒಂದು ಕಳೆಯಲಿ, ಬ್ರೋಷರ್ ಬರಲಿ, ಆಮೇಲೆ ಅವ್ವನಿಗೆ ಹೇಳಿದರಾಯಿತು ಎಂದು ಲೆಕ್ಕ ಹಾಕಿದೆ. ಆದರೆ ಮಾದರಿ ಮಾರ್ಗದರ್ಶಿಯ ಮನೆಯಲ್ಲಿ ಕಾಣುವವರೇ ಇಲ್ಲ ಎಂದು ಭಾನುವಾರದ ನಂತರ ಹೇಳಲು ಆಗುತ್ತದೆಯೇ? ಆಗ ಎಂದೆಂದೂ ಆಗುವುದಿಲ್ಲ. ಅವಳು ಸಾಯುವ ತನಕ ಹೂವಿನ ತಟ್ಟೆಯಲ್ಲೇ ಉಣ್ಣಬೇಕು. ಇದು ಅವಳಿಗೂ ಗೊತ್ತಿತ್ತು. "ಇಷ್ಟು ವರ್ಷ ಆಗೇತಿ, ಇನ್ನಷ್ಟು ಆಗ್ಲಿ ಬಿಡ್ರಿ," ಅಂದಳು. ಅದನ್ನು ಸಿಟ್ಟಿನಿಂದ ಹೇಳಿದ್ದರೆ ನಾನು ಬಿಟ್ಟುಬಿಡುತ್ತಿದ್ದೆನೇನೋ.

ಭಾನುವಾರ ಬಂತು. ಬೆಳಗ್ಗೆ ಹೊಸಿಲಲ್ಲಿ ನಿಲ್ಲಲಿಲ್ಲ ನಾನು. ಎರಡರ ಬದಲು ನಾಲ್ಕು ಚೊಂಬು ಸುರಿದುಕೊಂಡು ಹೋಗಿ ನಿಂತೆ. ಅಧಿಕಾರಿಗಳು, ಕಂಪನಿಯವರು, ಕ್ಯಾಮೆರಾದವರು, ಎಲ್ಲರ ಕೈಯಲ್ಲೂ ಬಣ್ಣದ ಬ್ರೋಷರ್. ಅದರ ಮೇಲೆ ದಪ್ಪಕ್ಷರದಲ್ಲಿ 'ಮೂರು ಎಳೆಗಳ ಸ್ವರ್ಗ'. ಜಯತೀರ್ಥ ಸಾಹೇಬರು ನನ್ನತ್ತ ಹೆಬ್ಬೆರಳು ಎತ್ತಿ ತೋರಿಸಿದರು. ನಾನು ಶುರು ಮಾಡಿದೆ. "ನಡುವಿನ ಎಳೆ ನೋಡಿ ಸಾರ್, ಹೆಣೆದ ಜಡೆಯ ಹಾಗೆ..." "ಓ" ಅಂದರು. "ಬಲಗಡೆ ಎಳೆ, ಬರೀ ಅಬ್ಬರ..." "ಓಹೋ" ಅಂದರು. ಕೈ ಎಡಗಡೆಗೆ ಎತ್ತಿದೆ. ಎತ್ತಿದ ಕೈ ಹಾಗೇ ಉಳಿಯಿತು. ಅವಳನ್ನು ಇಷ್ಟು ಜನರ ಎದುರು ಇನ್ನೊಮ್ಮೆ ದೂರ ನಿಲ್ಲಿಸಲು ನನ್ನಿಂದ ಆಗಲಿಲ್ಲ.

"ಎಡಗಡೆ ಎಳೆ ಇಲ್ಲ ಸಾರ್," ಅಂದೆ. "ಬಲಗಡೆಯದೂ ಇಲ್ಲ. ಇರೋದು ಒಂದೇ ಧಾರೆ. ಮೇಲಿಂದ ಕೆಳಗಿನ ತನಕ ಒಂದೇ."

ದಬದಬೆಯ ಬಗ್ಗೆ ನಾನು ಆ ವರ್ಷಗಳಲ್ಲೆಲ್ಲ ಆಡಿದ ಮೊದಲ ನಿಜ ಅದು. ದೊಡ್ಡ ಅಧಿಕಾರಿ ತಲೆಯೆತ್ತಿ ಜಲಪಾತ ನೋಡಿದರು. ತಲೆ ತಗ್ಗಿಸಿ ಬ್ರೋಷರ್ ನೋಡಿದರು. ಮತ್ತೊಮ್ಮೆ ಜಲಪಾತ ನೋಡುವ ಗೋಜಿಗೆ ಹೋಗಲಿಲ್ಲ. "ಅಚ್ಚಾಗಿರೋದು ಮೂರು. ಈ ಮನುಷ್ಯನಿಗೆ ಕಣ್ಣು ಸರಿ ಕಾಣ್ತಿಲ್ಲ," ಅಂದರು. ಟ್ರಾವೆಲ್ ಕಂಪನಿಯವರೆಲ್ಲ ಹೌದು ಹೌದು, ಮೂರು ಸ್ಪಷ್ಟವಾಗಿ ಕಾಣುತ್ತಿದೆ ಅಂದರು. ಓಂಕಾರಪ್ಪ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದು ಇನ್ನೊಬ್ಬ ಗೈಡನ್ನು ಮುಂದೆ ತಳ್ಳಿದರು. ಅವನು ಬ್ರೋಷರ್ ನೋಡಿಕೊಂಡೇ ಎಡಗಡೆ ಎಳೆಯನ್ನು ವರ್ಣಿಸಿದ. ಚಪ್ಪಾಳೆ ಬಿತ್ತು.

"ನಿನಗೆ ಏನ್ ಬಂದಿತ್ತಯ್ಯಾ ದೊಡ್ರೋಗ?" ಓಂಕಾರಪ್ಪ ಹಲ್ಲು ಕಡಿದು ಕೇಳಿದರು. ನನ್ನ ಮನೆಯಲ್ಲಿ ಕಾಣುವವರು ಯಾರೂ ಇಲ್ಲ, ನಾಳೆ ಬಂಡೆ ಶಾಸ್ತ್ರ ಇದೆ, ಮನೆಮಂದಿಯೊಂದಿಗೆ ಬನ್ನಿ ಅಂದೆ. ಆಮೇಲೆ ಅವರು ಸಂಘದ ಅಧ್ಯಕ್ಷರಾಗಿ ಹೇಳಿದ್ದು ಇಷ್ಟು: "ಶಾಸ್ತ್ರಕ್ಕೆ ಬರ್ತೀನಿ. ಮಂಗಳವಾರದಿಂದ ನೀನು ರೇನ್‌ಕೋಟ್ ಅಂಗಡಿಗೆ."

ಮನೆಯಲ್ಲಿ ಸರ್ವಮಂಗಳೆ ಅವ್ವನ ಮುಂದೆ ಹೋಗಿ ನಿಂತಳು. "ಅತ್ತಿ, ನನಗ ಬಂಡೆ ಕಾಣ್ತತಿ," ಅಂದಳು. ಅವ್ವ ಹಪ್ಪಳದ ಹಿಟ್ಟು ನಾದುತ್ತಿದ್ದಳು. ನಾದುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತ್ರಿ," ಅಂದಳು. "ಹಳ್ಳ ದಾಟೋವಾಗ ಸೀರಿ ನಿರಿಗಿ ಎತ್ತೋದು ಬಿಟ್ಟು ಎಷ್ಟು ವರ್ಷ ಆತು ನೀವು. ನಾ ಕೇಳಂಗಿರ್ಲಿಲ್ಲ. ದಿನಾ ಕಾಯ್ತಿದ್ದೆ, ಇವತ್ತು ಹೇಳ್ತಾರ, ನಾಳೆ ಹೇಳ್ತಾರ ಅಂತ." ಆಮೇಲೆ ನನ್ನ ಕಡೆ ತಿರುಗಿದಳು. ನನಗೆ ಬಿದ್ದ ಬೈಗುಳ ಇಡೀ ಬೀದಿಗೆ ಕೇಳಿತು, ಅದನ್ನು ಇಲ್ಲಿ ಬಿಟ್ಟಿದ್ದೇನೆ.

ಸೋಮವಾರ ದಬದಬೆಗೆ ವಾರದ ರಜೆ. ಗೇಟಿಗೆ 'ಜಲಪಾತ ಇಂದು ಇರುವುದಿಲ್ಲ' ಎಂಬ ಬೋರ್ಡು ತೂಗುಹಾಕಿರುತ್ತೇವೆ. ಊರಿನ ಹೆಂಗಸರೆಲ್ಲ ಹಳ್ಳದಲ್ಲಿ ಸೇರಿದರು. ಯಾರೂ ನಿರಿಗೆ ಎತ್ತಬೇಕಾಗಿರಲಿಲ್ಲ, ಯಾರೂ ಕಿರುಚಿ ಮಾತಾಡಬೇಕಾಗಿರಲಿಲ್ಲ. ಅವ್ವ ಕೋಲೂರಿಕೊಂಡು ಸೊಸೆಯನ್ನು ಬಂಡೆಯ ಬುಡಕ್ಕೆ ಕರೆದುಕೊಂಡು ಹೋದಳು. ಅವಳ ಅಂಗೈಯನ್ನು ಹಿಡಿದು ಕಲ್ಲಿನ ಮೇಲೆ ಇಟ್ಟಳು. ಶಾಸ್ತ್ರದ ಪ್ರಕಾರ ಕೇಳಿದಳು, "ಏನ್ ಕಾಣ್ತತ್ರಿ?"

"ಬಂಡೆ," ಅಂದಳು ಸರ್ವಮಂಗಳೆ. ಮೇಲೆ ನೋಡಿದಳು. "ಅದರ ಮ್ಯಾಲೆ ಒಂದು ಓತಿಕ್ಯಾತ ಕುಂತೈತಿ."

ನಾನೂ ನೋಡಿದೆ. ಹೌದು, ಕೂತಿತ್ತು. ಬಿಸಿಲಿಗೆ ಕತ್ತು ಮೇಲೆ ಕೆಳಗೆ ಆಡಿಸುತ್ತಿತ್ತು. ಮದುವೆಯಾಗಿ ಅಷ್ಟು ವರ್ಷಕ್ಕೆ ನಾವಿಬ್ಬರೂ ಒಟ್ಟಿಗೆ ನಿಂತು ಒಂದೇ ವಸ್ತುವನ್ನು ನೋಡಿದ್ದು ಅದೇ ಮೊದಲು. ನನಗೆ ಅಳು ಬಂತು. ಮುಖಕ್ಕೆ ಚೊಂಬಿನ ನೀರು ಸುರಿದುಕೊಂಡಿರಲಿಲ್ಲವಾದ್ದರಿಂದ ಎಲ್ಲರಿಗೂ ಅದು ಕಂಡಿತು.

ಅವ್ವ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ಹಸಿರು ಕಣ. ಸರ್ವಮಂಗಳೆಯ ಹಿಡಿತ ತಪ್ಪಿ ಕೊಬ್ಬರಿ ಬಟ್ಟಲೊಂದು ಉಡಿಯಿಂದ ಜಾರಿ ಕಲ್ಲುಗಳ ನಡುವೆ ಉರುಳಿಹೋಯಿತು. ಎಲ್ಲರೂ ಅವ್ವನ ಮುಖ ನೋಡಿದರು.

"ಲೇ ಮಂಗಳಿ! ಕೈಯಾಗ ಬಲ ಇಲ್ಲೇನೇ ನಿನಗ? ಉಡಿ ಹಿಡಿಯಾಕೂ ಬರಂಗಿಲ್ಲಲ್ಲೇ, ಯಾರು ಹಡೆದ್ರೇ ನಿನ್ನ?"

ಹೆಂಗಸರು ಕೂಗು ಹಾಕಿದರು. ಸರ್ವಮಂಗಳೆ ಉಡಿಯನ್ನು ಎದೆಗೆ ಒತ್ತಿಕೊಂಡು ಅಳುತ್ತಲೇ ನಕ್ಕಳು, ನಗುತ್ತಲೇ ಬಗ್ಗಿ ಕೊಬ್ಬರಿ ಹುಡುಕತೊಡಗಿದಳು.

ಈಗ ನಾನು ರೇನ್‌ಕೋಟ್ ಅಂಗಡಿಯಲ್ಲಿ ಕೂರುತ್ತೇನೆ. ಮೈ ಒಣಗಿರುತ್ತದೆ, ನೆಗಡಿ ಇಲ್ಲ. ಮೂರು ಎಳೆಗಳ ಸ್ವರ್ಗ ಭರ್ಜರಿಯಾಗಿ ನಡೆಯುತ್ತಿದೆ. ಬ್ರೋಷರಿನ ಎರಡನೆಯ ಮುದ್ರಣದಲ್ಲಿ ನಾಲ್ಕು ಎಳೆ ಮಾಡಿದ್ದಾರೆ. ಕೆಲವರು ಕೋಟು ತೊಡುತ್ತಾ, ನೀವು ಇಲ್ಲಿಯವರೇ ಅಲ್ಲವಾ, ನಿಜ ಹೇಳಿ, ಎಷ್ಟು ಎಳೆ ಎಂದು ನನ್ನನ್ನು ಕೇಳುತ್ತಾರೆ. ಮೊದಲು ಮೂರಿತ್ತು ಸಾರ್, ಈಗ ಸೇರಿಕೊಂಡು ಒಂದೇ ಆಗಿದೆ ಅನ್ನುತ್ತೇನೆ. ಅವರು ನಂಬುವುದಿಲ್ಲ.

ನನ್ನ ಅಂಗಡಿ ಹಳ್ಳದ ಅಂಚಿಗೇ ಇದೆ, ಆಚೆ ದಡದಲ್ಲಿ ನಮ್ಮ ಮನೆಯ ಹಿತ್ತಲು. ಮಧ್ಯಾಹ್ನದ ಹೊತ್ತಿಗೆ ಅಲ್ಲಿಂದ ಅವ್ವನ ದನಿ ಏಳುತ್ತದೆ: "ಲೇ ಮಂಗಳಿ, ಎಲ್ಲಿ ಹಾಳಾಗಿ ಹೋದ್ಯೇ, ಹಪ್ಪಳ ಕಾಗಿ ಪಾಲಾತು!" ಅದರ ಹಿಂದೆಯೇ ಸರ್ವಮಂಗಳೆಯ ಎದುರುತ್ತರ, ಅವ್ವನಿಗಿಂತ ಒಂದು ಪಟ್ಟು ಜೋರು. ಕೌಂಟರಿನ ಮುಂದೆ ನಿಂತ ಪ್ರವಾಸಿಗಳು ಕಿವಿಗೆ ಕೈ ಅಡ್ಡ ಹಿಡಿದು ಬೆಲೆ ಎಷ್ಟು ಎಂದು ಕಿರುಚಿ ಕೇಳುತ್ತಿರುತ್ತಾರೆ. ದಬದಬೆಯ ಸದ್ದಿನಲ್ಲಿ ಅವರಿಗೆ ಏನೂ ಕೇಳುವುದಿಲ್ಲ. ನನಗೆ ಎಲ್ಲ ಕೇಳುತ್ತದೆ.